ಚುಕ್ಕಿಯಿಂದ ಚಾರ್ಟಿಗೆ: ನನ್ನ ಅನುಭವ

ಅಂಕಿಅಂಶಗಳನ್ನು ಚಾರ್ಟಾಗಿಸುವ ಪಾಠಕ್ಕೆ ಮೊದಲ ನಾಲ್ಕು ವಾರ ಕಂಪ್ಯೂಟರ್ ಮುಟ್ಟಿಸುವುದಿಲ್ಲ ಎಂದಾಗ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಪತ್ರಿಕೋದ್ಯಮದ ಎಂ.ಎ. ಮಕ್ಕಳು ಮೇಡಂ, ಪ್ರೈಮರಿ ಸ್ಕೂಲಲ್ಲ" ಎಂದರು ಹಿರಿಯರೊಬ್ಬರು. ಅವರಿಗೆ ಈ ವರ್ಷದ ಕೆಲಸಗಳನ್ನು ತೋರಿಸಿದ್ದೇನೆ.

ಮೊದಲ ವರ್ಷ ಕೈಯಿಂದ ಸುಮಾರು 14 ಸಾವಿರ ಹಾಕಿ ಸಾಫ್ಟ್‌ವೇರ್ ಚಂದಾ ಕಟ್ಟಿದೆ. ಮೂರು ವಾರ ಲಾಗಿನ್, ಪಾಸ್‌ವರ್ಡಿನಲ್ಲೇ ಹೋಯಿತು. ಬಂದದ್ದು ಬರೀ ಬಣ್ಣಬಣ್ಣದ ಪೈ ಚಾರ್ಟು. ಒಂದರ ಮೊತ್ತ ಶೇಕಡಾ 130 ದಾಟಿತ್ತು! ಎರಡನೇ ವರ್ಷ ಪುಕ್ಕಟೆ ಸಿಗುವ, ಚಾರ್ಟ್ ಮಾಡುವ ಜಾಲತಾಣ ಡೇಟಾರ‍್ಯಾಪರ್ ಹಿಡಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ ತಾಲ್ಲೂಕಿನ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾದವು. ಯೂನಿಕೋಡಿಗೆ ಬದಲಿಸಿದರೆ, ೧೨೩ ಎಂದು ಹೊಡೆದಿದ್ದನ್ನು ಸ್ಪ್ರೆಡ್‌ಶೀಟು ಸಂಖ್ಯೆ ಎಂದೇ ಒಪ್ಪಲಿಲ್ಲ. ಆ ಸೆಮಿಸ್ಟರೂ ನೀರುಪಾಲು.

ಮೂರನೇ ವರ್ಷ ಕಾರಿಡಾರಿನಲ್ಲಿ ಸೀಮೆಸುಣ್ಣದಿಂದ ಕರ್ನಾಟಕದ ನಕ್ಷೆ ಬರೆಸಿದೆ. 2011ರ ಜನಗಣತಿ, ಲಕ್ಷಕ್ಕೊಂದು ಚುಕ್ಕಿ, ರಂಗೋಲಿಗೆ ಇಟ್ಟ ಹಾಗೆ. ಕೊಡಗಿಗೆ ಐದೂವರೆ. ಆ ಜಿಲ್ಲೆ ಪಾಲಿಗೆ ಬಂದ ಹುಡುಗಿ ಅರೆ ನಿಮಿಷದಲ್ಲಿ ಇಟ್ಟು ಎದ್ದಳು. ಬೆಂಗಳೂರು ನಗರ ಜಿಲ್ಲೆಗೆ 96 ಇಡಬೇಕು, ವಿಸ್ತೀರ್ಣ ಕೊಡಗಿನ ಅರ್ಧಕ್ಕಿಂತ ಚೂರು ಹೆಚ್ಚು ಅಷ್ಟೇ. ಇಪ್ಪತ್ತೈದಕ್ಕೇ ಜಾಗ ಮುಗಿಯಿತು. "ಚುಕ್ಕಿ ಚಿಕ್ಕದು ಮಾಡೋಣ್ವಾ ಮೇಡಂ?" ನಾನು ಬಾಯಿ ಬಿಡುವ ಮೊದಲೇ ಕೊಡಗಿನವಳು, "ಹಾಗಾದ್ರೆ ನನ್ನದೂ ಚಿಕ್ಕದು ಮಾಡ್ಬೇಕಲ್ವಾ?" ಎಂದಳು. ಅಳತೆ ಎಲ್ಲಕ್ಕೂ ಒಂದೇ ಇರಬೇಕೆಂಬ ಸ್ಕೇಲಿನ ಪಾಠ ಅಲ್ಲಿಗೇ ಮುಗಿಯಿತು. 31 ಜಿಲ್ಲೆ ಯಾಕಿಲ್ಲ ಎಂಬ ತಕರಾರೂ ಬಂತು. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ, ಗಣತಿಯಲ್ಲಿ ಇರುವುದು 30. ಅಂಕಿ ಯಾವ ವರ್ಷದ್ದು ಎಂದು ನೋಡುವ ಅಭ್ಯಾಸ ಅವರಿಗೆ ಅಂಟಿದ್ದು ಆ ಜಗಳದಿಂದ.

ನಡುವೆ ಬಾಟಲಿಗೆ ಅವರೆಕಾಳು ತುಂಬಿಸಿ ತಿಂಗಳ ಮಳೆ ತೋರಿಸಲು ಹೋದೆ. ಬಾಟಲಿಗಳ ಅಗಲ ಬೇರೆಬೇರೆ, ಎತ್ತರ ನೋಡಿ ಎಲ್ಲರೂ ಮೋಸಹೋದರು. ಪ್ರಯೋಗ ಕೆಟ್ಟಿತು, ಆದರೆ ಬಾರ್ ಚಾರ್ಟಿನ ಕಂಬಗಳ ಅಗಲ ಒಂದೇ ಇರಬೇಕು ಎಂದು ಮತ್ತೆ ಹೇಳಬೇಕಾಗಲಿಲ್ಲ.

ಆಮೇಲೆ ಅವೆನ್ಯೂ ರಸ್ತೆಯಿಂದ ಗ್ರಾಫ್ ಶೀಟು ತಂದೆ. ಸೀಮೆಸುಣ್ಣವೂ ಸೇರಿ ಒಟ್ಟು ಖರ್ಚು ಏಳೆಂಟುನೂರು. ಒಂದೇ ಫಲಿತಾಂಶಕ್ಕೆ ಎರಡು ಬಾರ್ ಚಾರ್ಟ್: ಒಂದರ ಅಳತೆ ಸೊನ್ನೆಯಿಂದ ಶುರು, ಇನ್ನೊಂದರದು 70ರಿಂದ. ಎರಡನೆಯದರಲ್ಲಿ ಎರಡು ಅಂಕದ ವ್ಯತ್ಯಾಸ ಬೆಟ್ಟದಷ್ಟಾಯಿತು. ಮೊದಲ ದಿನ ಕೇಳುವ ಪ್ರಶ್ನೆಯೊಂದಿದೆ, ಅದೇನೆಂದು ಇಲ್ಲಿ ಹೇಳುವುದಿಲ್ಲ. ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ.

ಐದನೇ ವಾರ ಲ್ಯಾಬಿಗೆ ಹೋದೆವು. ಮೂವತ್ತಕ್ಕೂ ಹೆಚ್ಚು ಮಕ್ಕಳು, ಮುಕ್ಕಾಲು ಗಂಟೆಯಲ್ಲಿ ಎಲ್ಲರ ಚಾರ್ಟೂ ಸಿದ್ಧ. ಒಬ್ಬ ಹುಡುಗ ಕಂಬಗಳನ್ನೆಲ್ಲ ಬೂದು ಮಾಡಿ, ತನ್ನ ತಾಲ್ಲೂಕಿಗೆ ಮಾತ್ರ ಕೆಂಪು ಬಿಟ್ಟಿದ್ದ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.