ಆರ್‌ಸಿಯ ಸಾಲುಗಳೊಳಗೇ ಹಾಟ್ ರಾಡ್: ನನ್ನ ಫಿಯೆಟ್‌ನ ಎಂಜಿನ್ ಬದಲಾವಣೆಯ ಅನುಭವ

ಒಂದೂವರೆ ತಿಂಗಳ ಹಿಂದೆ ನನ್ನ 1965ರ ಫಿಯೆಟ್ 1100ಡಿ ಕಾರಿನ ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆ ನಮೂದಾಯಿತು. ಅದರ ಹಿಂದೆಯೇ ನೋಂದಣಿಯೂ ಐದು ವರ್ಷಕ್ಕೆ ನವೀಕರಣಗೊಂಡಿತು. 2019ರ ನಂತರ ಎಂಜಿನ್ ಬದಲಾವಣೆಯ ಕಡತವನ್ನು ಯಾವ ಆರ್‌ಟಿಒ ಕಚೇರಿಯೂ ಮುಟ್ಟುವುದಿಲ್ಲವೆಂದು ನನ್ನನ್ನು ನೋಡಿ ನಕ್ಕವರಲ್ಲಿ ಇಬ್ಬರು ಈಗ ನನ್ನ ಅರ್ಜಿಯ ನಕಲು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ವಾಸಿ ಎನಿಸಿತು.

ಮೊದಲು ನಾನು ಮಾಡಿಕೊಂಡ ಎಡವಟ್ಟನ್ನು ಹೇಳಬೇಕು. ಕಾರು ನನ್ನ ಕೈಗೆ ಬಂದಾಗ ಮೈಸೂರು ರಾಜ್ಯದ ಕಾಲದ ನಂಬರ್, ಅಂಚು ಸವೆದ ಆರ್‌ಸಿ ಪುಸ್ತಕ, ತಂಪುನೀರು ಹರಿಯುವ ವಾಟರ್ ಜಾಕೆಟ್‌ನ ಬಳಿ ಬಿರುಕು ಬಿಟ್ಟ ಎಂಜಿನ್ ಬ್ಲಾಕ್ (ಎಂಜಿನ್ನಿನ ಎರಕದ ಒಡಲು) ಇವಿಷ್ಟೂ ಜೊತೆಗಿದ್ದವು. ಆ ಬ್ಲಾಕನ್ನು ಮೂಲೆಗೆ ತಳ್ಳಿ, ಎಲ್ಲರೂ ಮಾಡುವಂತೆ ನಾನೂ ಮಾರುತಿ ಎಸ್ಟೀಮ್ ಕಾರಿನ 1298 ಸಿಸಿ ಎಂಜಿನ್ನನ್ನು ಐದು ಗೇರಿನ ಪೆಟ್ಟಿಗೆಯೊಂದಿಗೆ ಕೂರಿಸಿದೆ. ಅಡಾಪ್ಟರ್ ಪ್ಲೇಟ್, ಪ್ರೊಪೆಲ್ಲರ್ ಶಾಫ್ಟ್, ಮೌಂಟಿಂಗ್, ವೈರಿಂಗ್ ಎಲ್ಲ ಸೇರಿ ಸುಮಾರು ಎರಡು ಲಕ್ಷ ಇಪ್ಪತ್ತು ಸಾವಿರ ಕರಗಿತು. ಓಡಿದ್ದೇನೋ ಸೊಗಸಾಗಿಯೇ ಓಡಿತು. ಆದರೆ ಅದನ್ನು ಆರ್‌ಸಿಗೆ ಏರಿಸಬೇಕೆಂದು ಹೊರಡುವಷ್ಟರಲ್ಲಿ, 2019ರ ಜನವರಿಯಲ್ಲಿ, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂಬ ಸುಪ್ರೀಂ ಕೋರ್ಟಿನ ತೀರ್ಪು ಬಂತು. ನವೀಕರಣಕ್ಕೆ ಕಾರನ್ನು ಒಯ್ದಾಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ, ಒಂದು ಮಾತೂ ಆಡದೆ ಹಾಗೆಯೇ ಇಳಿಸಿದರು. ಅವರು ಕಾರನ್ನು ನೋಡಿದ್ದು ಅರ್ಧ ನಿಮಿಷವೂ ಇರಲಿಕ್ಕಿಲ್ಲ.

ಅಲ್ಲಿಂದ ಸಲಹೆಗಳ ಮಳೆ ಸುರಿಯಿತು. ನಲವತ್ತು ಸಾವಿರ ಕೊಟ್ಟರೆ ಕಾರು ತೋರಿಸದೆಯೇ ಕೆಲಸ ಮುಗಿಸುತ್ತೇನೆಂದು ಒಬ್ಬ ಏಜೆಂಟ್ ಹೇಳಿದ. ಬೇರೆ ಬ್ಲಾಕಿನ ಮೇಲೆ ಹಳೆಯ ಸಂಖ್ಯೆಯನ್ನು ಪಂಚ್ ಮಾಡಿಕೊಡುತ್ತೇನೆಂದು ಒಬ್ಬ ಮೆಕ್ಯಾನಿಕ್ ಹೇಳಿದ. ಅದು ಜೈಲಿನ ದಾರಿ, ಅದನ್ನು ಚರ್ಚೆಗೂ ತೆಗೆದುಕೊಳ್ಳಲಿಲ್ಲ. ಮೂರನೆಯವರು ವಿಂಟೇಜ್ ನೋಂದಣಿ ಮಾಡಿಸೆಂದರು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರಿಗೆ ಅದು ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ನನ್ನು ಮಾರ್ಪಡಿಸಿರಬಾರದು. ಕಾರನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕಷ್ಟೇ ಹೊರಗೆ ತೆಗೆಯಬಹುದು. ಭಾನುವಾರ ಬೆಳಿಗ್ಗೆ ಮನೆಯವರೊಂದಿಗೆ ತಿಂಡಿಗೆ ಹೋಗಲಾಗದ ಕಾರು ನನಗೆ ಬೇಡವಾಗಿತ್ತು.

ಕೊನೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ನಾನೇ ಕೂತು ನಾಲ್ಕಾರು ಬಾರಿ ಓದಿದೆ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯನ್ನು ಬದಲಿಸುವುದು ಎಂದು ಅದರ ವಿವರಣೆಯಲ್ಲಿದೆ. ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಎಂಬ ಮಾತೂ ಅದೇ ಕಲಮಿನಲ್ಲಿ ಬರುತ್ತದೆ. ಹಾಗಾದರೆ 1089 ಸಿಸಿಯ ಎಂಜಿನ್ ಬದಲು ಅದೇ 1089 ಸಿಸಿಯ ಎಂಜಿನ್ ಕೂರಿಸಿದರೆ ತಯಾರಕರ ವಿವರ ಒಂದೂ ಬದಲಾಗುವುದಿಲ್ಲ, ಬದಲಾಗುವುದು ಸಂಖ್ಯೆ ಮಾತ್ರ. ಹಾಟ್ ರಾಡ್, ಅಂದರೆ ಹೆಚ್ಚು ಶಕ್ತಿಗೆ ಹದಗೊಳಿಸಿದ ಹಳೆಯ ಕಾರು, ಬೇಕಿದ್ದರೆ ಆರ್‌ಸಿಯಲ್ಲಿ ಬರೆದಿರುವ ಸಾಲುಗಳನ್ನು ಮುಟ್ಟದೆ, ಅವುಗಳ ನಡುವಿನ ಜಾಗದಲ್ಲಿ ಕಟ್ಟಿಕೊಳ್ಳಬೇಕೆಂದು ನಿರ್ಧರಿಸಿದೆ.

ಬ್ಲಾಕ್ ಹುಡುಕುವುದರಲ್ಲಿ ಎಂಟು ತಿಂಗಳು ಹೋಯಿತು. ಆರು ಸಾವಿರಕ್ಕೆ ತಂದ ಮೊದಲನೆಯದರಲ್ಲಿ ಕನೆಕ್ಟಿಂಗ್ ರಾಡ್ ಹೊರಬಂದು ಆದ ತೂತಿಗೆ ಯಾರೋ ಎಂಸೀಲ್ ಮೆತ್ತಿ ಬಣ್ಣ ಬಳಿದಿದ್ದರು. ಒಂಬತ್ತು ಸಾವಿರದ ಎರಡನೆಯದು ಗಟ್ಟಿಯಾಗಿತ್ತು, ಆದರೆ ಕಾಗದವಿಲ್ಲ. ಕಾಗದವಿಲ್ಲದ ಬ್ಲಾಕ್ ಎಂದರೆ ಕಬ್ಬಿಣ. ಮೂರನೆಯದನ್ನು ಗುಜರಿಗೆ ಹೋದ ಪ್ರೀಮಿಯರ್ ಪದ್ಮಿನಿ ಕಾರೊಂದರ ಮಾಲೀಕರಿಂದಲೇ, ಆ ಕಾರಿನ ಆರ್‌ಸಿ ನಕಲು, ಮಾರಾಟದ ರಸೀದಿ ಮತ್ತು ಅಫಿಡವಿಟ್ ಸಮೇತ ಇಪ್ಪತ್ತೆರಡು ಸಾವಿರಕ್ಕೆ ಕೊಂಡೆ. ಆ ಬೆಲೆಯಲ್ಲಿ ಮುಕ್ಕಾಲು ಪಾಲು ಕಾಗದದ್ದೇ. ಎಂಜಿನ್ ಕಳ್ಳತನದ ದಾಖಲೆಯಲ್ಲಿಲ್ಲವೆಂಬ ಪೊಲೀಸ್ ಎನ್‌ಒಸಿಯನ್ನೂ ಆನ್‌ಲೈನಿನಲ್ಲಿ ತೆಗೆದು ಲಗತ್ತಿಸಿದೆ.

ಅಷ್ಟಾದರೂ ಅರ್ಜಿ ವಾಪಸ್ ಬಂತು. ನನ್ನದು ಫಿಯೆಟ್, ಎಂಜಿನ್ ಪ್ರೀಮಿಯರ್ ಪದ್ಮಿನಿಯದು, ತಯಾರಿಕೆ ಒಂದೇ ಹೇಗಾಗುತ್ತದೆ ಎಂಬುದು ಆರ್‌ಟಿಒ ಮೇಜಿನವರ ಆಕ್ಷೇಪ. ನಮ್ಮಲ್ಲಿ ಯಾರಿಗೆ ಕೇಳಿದರೂ ಉತ್ತರ ಬಾಯಲ್ಲೇ ಇದೆ: ಮುಂಬಯಿಯ ಕುರ್ಲಾದ ಅದೇ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ, 1972ರ ಹೊತ್ತಿಗೆ ಫಿಯೆಟ್ ಹೆಸರು ಹೋಗಿ ಪ್ರೆಸಿಡೆಂಟ್ ಬಂತು, 1974ರಲ್ಲಿ ಪದ್ಮಿನಿಯಾಯಿತು, ಎಂಜಿನ್ ಮಾತ್ರ ಅದೇ. ಬಾಯಿಮಾತು ಕಡತದಲ್ಲಿ ಕೂರುವುದಿಲ್ಲವಾದ್ದರಿಂದ ಎರಡೂ ಆರ್‌ಸಿಗಳ ತಯಾರಕರ ಹೆಸರಿರುವ ಸಾಲುಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ನಕಲು ತೆಗೆದು, ಬೋರ್ (ಸಿಲಿಂಡರಿನ ಒಳವ್ಯಾಸ), ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಸಿಲಿಂಡರುಗಳ ಸಂಖ್ಯೆ ಇವನ್ನು ಕೆಳಗೆ ಬರೆದು ಮತ್ತೆ ಸಲ್ಲಿಸಿದೆ. ಕಡತದಲ್ಲಿ ಯಾವ ಹಾಳೆಯನ್ನು ಯಾವುದರ ಮೇಲಿಟ್ಟೆ ಎಂಬುದು ನನ್ನ ಸ್ವಂತ ವಿದ್ಯೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಎಂಜಿನ್ ಕೆಲಸದಲ್ಲಿಯೂ ಇದೇ ಶಿಸ್ತು ಇಟ್ಟುಕೊಂಡೆ. ಮೂಲ ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75. ಒಂದು ಮಿಲಿಮೀಟರ್ ಹೆಚ್ಚಿಗೆ ಕೊರೆಸಿದರೆ ಸಿಸಿ 1122ರ ಹತ್ತಿರ ಹೋಗುತ್ತದೆ. ಯಾರೂ ಅಳೆಯುವುದಿಲ್ಲವೆಂದು ಲೇತಿನವನು ಒತ್ತಾಯಿಸಿದರೂ ಸಿಲಿಂಡರಿನೊಳಗೆ ಹೊಸ ಸ್ಲೀವ್ (ಒಳಕೊಳವೆ) ಹಾಕಿಸಿ 68ಕ್ಕೇ ತಂದೆ. ಶಕ್ತಿಯನ್ನೆಲ್ಲ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್‌ನಲ್ಲಿ ಹುಡುಕಿದೆ: ಗಾಳಿ, ಹೊಗೆ ಹಾಯುವ ಪೋರ್ಟ್‌ಗಳನ್ನು ನಯಗೊಳಿಸಿ, ಹೆಡ್ಡನ್ನು ತುಸು ತೆಳುವಾಗಿಸಿ, ಕ್ರ್ಯಾಂಕ್ ಮತ್ತು ಫ್ಲೈವೀಲ್ ಬ್ಯಾಲೆನ್ಸ್ ಮಾಡಿಸಿದೆ. ಎಷ್ಟು ತೆಳುವೆಂದು ಕೇಳಬೇಡಿ, ಎರಡು ಗ್ಯಾಸ್ಕೆಟ್ ಸುಟ್ಟುಕೊಂಡು ಕಲಿತ ಲೆಕ್ಕವದು. ಹಳೆಯ ರೇಸ್ ಕಾರುಗಳ ಹುಚ್ಚಿನಿಂದ ಜೋಡಿ ಕಾರ್ಬುರೇಟರ್ ಹಾಕಿ ನೋಡಿದೆನಾದರೂ, ಇಂಥ ಹಳೆಯ ಕಾರುಗಳಿಗೆ ಹೊಗೆ ತಪಾಸಣೆಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇಕಡಾ 3 ಮೀರಬಾರದು, ನನ್ನದು ಐದರ ಮೇಲೆ ಹೋಗಿ ನಿಂತಿತು. ಜೆಟ್ ಬದಲಿಸಿ ಮೂರು ವಾರ ಒದ್ದಾಡಿ, ಕೊನೆಗೆ ಒಂದೇ ಸೋಲೆಕ್ಸ್ ಕಾರ್ಬುರೇಟರಿಗೆ ಮರಳಿದೆ. ಅಗಲದ ರಿಮ್‌ಗಳು ಮಡ್‌ಗಾರ್ಡಿನಿಂದ ಎರಡು ಬೆರಳು ಹೊರಚಾಚಿದ್ದರಿಂದ ಅವನ್ನೂ ಬಿಚ್ಚಬೇಕಾಯಿತು. ಸ್ಟೀರಿಂಗ್ ಬಳಿಯ ಗೇರ್ ಲಿವರ್ ಹಾಗೆಯೇ ಇದೆ.

ನಡುವೆ ಪೈಪಿನ ಚೌಕಟ್ಟಿನ ಬಗ್ಗಿ ಗಾಡಿಯೊಂದನ್ನೂ ಕಟ್ಟಿದೆ. ಶೂನ್ಯದಿಂದ ಕಟ್ಟಿದ ಗಾಡಿ ರಸ್ತೆಗಿಳಿಯಬೇಕಾದರೆ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 126ನೇ ನಿಯಮದಂತೆ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಮೂಲಮಾದರಿಯ ಪರೀಕ್ಷೆ ಆಗಬೇಕು. ಅದು ಕಾರ್ಖಾನೆಗಳ ಆಟ, ನಮ್ಮ ಜೇಬಿನದಲ್ಲ. ಬಗ್ಗಿ ಈಗ ಸ್ನೇಹಿತರ ತೋಟದಲ್ಲಿ ಅಡಿಕೆ ಹೊರುತ್ತಿದೆ.

ಹಳೆಯ ಪುಸ್ತಕದ ವಿವರಗಳನ್ನು ನೋಂದಣಿ ದಾಖಲೆಗಳ ವಾಹನ್ ತಂತ್ರಾಂಶಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಮಾಡುವಾಗ 1089 ಎಂಬುದು 1189 ಆಗಿ ಕೂತಿತ್ತು. ಒಂದಂಕಿಯ ಆ ತಪ್ಪು ತಿದ್ದಿಸಲು ಎರಡು ತಿಂಗಳು, ಆರು ಬಾರಿಯ ಓಡಾಟ. ಅದೇ ತಪ್ಪು ಉಳಿದಿದ್ದರೆ ನನ್ನ ಸರಿಯಾದ ಎಂಜಿನ್ನೇ ಅಕ್ರಮವಾಗುತ್ತಿತ್ತು. ನಮೂದು ಮುಗಿದ ಕೂಡಲೇ ಪರದೆಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದರಿಂದಲೇ.

ತಪಾಸಣೆಯ ದಿನ ಇನ್‌ಸ್ಪೆಕ್ಟರ್ ಎಂಜಿನ್ ಸಂಖ್ಯೆಯ ಅಚ್ಚು ತೆಗೆಯಲು ಬ್ಲಾಕಿನ ಮೇಲೆ ಬಿಳಿ ಕಾಗದದ ಪಟ್ಟಿಯಿಟ್ಟು ಪೆನ್ಸಿಲಿನಿಂದ ಅಡ್ಡಡ್ಡ ಉಜ್ಜಿದರು. ಮೊದಲ ನಾಲ್ಕು ಅಂಕಿಗಳು ಮೂಡಿದವು, ಐದನೆಯದು ಮೂರೋ ಎಂಟೋ ತಿಳಿಯದಂತೆ ಕಲೆಯಾಗಿ ನಿಂತಿತು. ಕಾಗದ ಬದಲಿಸಿ, ಪೆನ್ಸಿಲನ್ನು ಓರೆ ಹಿಡಿದು ಮತ್ತೆ ಉಜ್ಜಿದಾಗ ಎಂಟರ ಎಡಗಡೆಯ ಎರಡು ಬಾಗುಗಳು ಸಣ್ಣಗೆ ಕಾಣಿಸಿಕೊಂಡವು. ಹಿಂದಿನ ರಾತ್ರಿ ಆ ಜಾಗದ ಬಣ್ಣವನ್ನು ಅಂಕಿಗೆ ಗೀರು ಬೀಳದಂತೆ ತೆಗೆದಿದ್ದು ಹೇಗೆಂಬುದನ್ನು ಬರೆಯುವುದಿಲ್ಲ. ಬೇರೆ ಉದ್ದೇಶಕ್ಕೆ ಬಳಸುವವರೂ ಓದುತ್ತಾರೆ.

ನೆನಪಿನಿಂದ ಹೇಳುವುದಾದರೆ ಎರಡನೆಯ ಸುತ್ತಿನ ಒಟ್ಟು ಖರ್ಚು ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು. ಅದರಲ್ಲಿ ಎಂಜಿನ್‌ಗೆ ತೊಂಬತ್ತು, ವ್ಯರ್ಥವಾದ ಬ್ಲಾಕುಗಳಿಗೆ ಹದಿನೈದು, ಉಳಿದದ್ದು ಶುಲ್ಕ, ಹಸಿರು ತೆರಿಗೆ, ವಿಮೆ, ಓಡಾಟ. ಏಜೆಂಟನಿಗೆ ಒಂದು ರೂಪಾಯಿಯೂ ಹೋಗಿಲ್ಲ. ಎಸ್ಟೀಮ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಶೆಡ್‌ನಲ್ಲಿ ಬೆಂಚಿನ ಕೆಳಗಿವೆ, ತೋಟದ ಗಾಡಿಗೆ ಬೇಕಾದವರು ಬಂದು ನೋಡಬಹುದು. ಅಡಾಪ್ಟರ್ ಪ್ಲೇಟನ್ನು ಮಾತ್ರ ಕೊಡುವುದಿಲ್ಲ.