ಹ್ಯಾಲೋವೀನ್‌ಗೆ ಪನೀರ್ ಮಮ್ಮಿ

ಅಕ್ಟೋಬರ್ 31ರ ಹ್ಯಾಲೋವೀನ್ (ದೆವ್ವ-ಭೂತಗಳ ವೇಷ ಹಾಕುವ ಹಬ್ಬ) ಪಾರ್ಟಿಗೆ ಅಮೆರಿಕದಲ್ಲಿ ಸಾಸೇಜ್‌ಗೆ ಹಿಟ್ಟಿನ ಪಟ್ಟಿ ಸುತ್ತಿ 'ಮಮ್ಮಿ' (ಬಟ್ಟೆಯ ಪಟ್ಟಿ ಸುತ್ತಿದ ಈಜಿಪ್ಟಿನ ಶವದ ರೂಪ) ಮಾಡುವುದು ವಾಡಿಕೆ. ಸಸ್ಯಾಹಾರಿಗಳು ಸಾಸೇಜ್ ಬದಲು ಪನೀರ್ ಬಳಸಬಹುದು.

200 ಗ್ರಾಂ ಪನೀರನ್ನು 8 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ದಪ್ಪದ 10 ಕಡ್ಡಿಗಳಾಗಿ ಕತ್ತರಿಸಿ. ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಲೇಬೇಕು. ತೇವ ಉಳಿದರೆ ಅದು ಆವಿಯಾಗಿ, ಸುತ್ತುವ ಪಫ್ ಪೇಸ್ಟ್ರಿಯ (ಬೆಣ್ಣೆ ಹಾಕಿ ಪದರ ಪದರವಾಗಿ ಮಡಿಸಿದ ಹಿಟ್ಟು) ತಳ ಬೇಯದೆ ಮುದ್ದೆಯಾಗುತ್ತದೆ. ಉಪ್ಪು, ಅಚ್ಚಖಾರದ ಪುಡಿ, ಚಾಟ್ ಮಸಾಲಾ ಒಣದಾಗಿಯೇ ಸವರಿ. ಚಟ್ನಿ ಬೇಡ.

ಫ್ರೋಜನ್ ಪಫ್ ಪೇಸ್ಟ್ರಿ ಒಂದು ಹಾಳೆ ಸಾಕು. ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟು ಕರಗಿಸಿ. ಒಲೆಯ ಹತ್ತಿರ ಇಟ್ಟರೆ ಬೆಣ್ಣೆ ಕರಗಿ ಪದರಗಳು ಅಂಟಿಕೊಳ್ಳುತ್ತವೆ, ಆಮೇಲೆ ಉಬ್ಬುವುದಿಲ್ಲ. ಪಿಜ್ಜಾ ಕಟರ್‌ನಿಂದ 1 ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿ, ಕಡ್ಡಿಗೆ ಎರಡರಂತೆ ಅಡ್ಡಾದಿಡ್ಡಿ ಸುತ್ತಿ. ನೀಟಾಗಿ ಸುತ್ತಿದರೆ ಮಮ್ಮಿಯಲ್ಲ, ಬರೀ ರೋಲ್! ಬಿಗಿ ಮಾಡಬೇಡಿ, ಉಬ್ಬುವಾಗ ಹರಿಯುತ್ತದೆ. ಮುಖಕ್ಕೆ ಒಂದೂವರೆ ಸೆಂ.ಮೀ. ಜಾಗ ಬಿಡಿ, ಕಡಿಮೆಯಾದರೆ ಒವನ್‌ನಲ್ಲಿ ಮುಚ್ಚಿಹೋಗುತ್ತದೆ. ಪಟ್ಟಿಯ ತುದಿಗಳು ಕೆಳಗಿರಲಿ.

15 ನಿಮಿಷ ಫ್ರಿಜ್‌ನಲ್ಲಿಟ್ಟು, ಮೇಲೆ ಹಾಲು ಸವರಿ, 200 ಡಿಗ್ರಿ ಸೆಲ್ಸಿಯಸ್ (400 ಫ್ಯಾರನ್‌ಹೀಟ್) ಬಿಸಿಯಲ್ಲಿ 18ರಿಂದ 20 ನಿಮಿಷ ಹೊಂಬಣ್ಣಕ್ಕೆ ಬೇಯಿಸಿ.

ಕಣ್ಣಿಗೆ ಕಪ್ಪು ಆಲಿವ್ ಚೂರುಗಳನ್ನು ಬೆಂದ ಮೇಲೆ ಮೆಯೋನೀಸ್ ಚುಕ್ಕೆಯಿಂದ ಅಂಟಿಸಿ. ಸಣ್ಣ ಮಕ್ಕಳಿದ್ದರೆ ಇಡೀ ಕಾಳುಮೆಣಸು, ಲವಂಗ ಬೇಡ. ಪಕ್ಕದಲ್ಲಿ ಮಾರ್ಷ್‌ಮ್ಯಾಲೋ ದೆವ್ವಗಳನ್ನೂ ಇಡುವುದಾದರೆ ಪೊಟ್ಟಣ ಓದಿ, ಸಾಮಾನ್ಯ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ.