ತುಂಡು ತೆಗೆಯದೆ ಬಿಟ್ಟ ಗಂಟು

ರೋಣದ ಕಡೆಯ ಆ ಹೆಣ್ಣುಮಗಳು ಹುಬ್ಬಳ್ಳಿಗೆ ನನ್ನ ಹತ್ತಿರ ಬರುವ ಹೊತ್ತಿಗೆ ಖಡಕ್ ರೊಟ್ಟಿ ಬಿಟ್ಟು ಎರಡು ವರ್ಷವಾಗಿತ್ತು. ಬಿಸಿ ರೊಟ್ಟಿಯನ್ನೂ ಹಾಲಿನಲ್ಲಿ ನೆನೆಸಿ ಉಣ್ಣುತ್ತಿದ್ದರು. "ಎದಿ ನಡುವ ಬಂದು ನಿಂತಬಿಡ್ತೈತ್ರಿ" ಅಂದರು. ತೂಕ ಮಾತ್ರ ಇಳಿದಿರಲಿಲ್ಲ. ಅನ್ನನಾಳದ ಕ್ಯಾನ್ಸರ್ ಸಾಮಾನ್ಯವಾಗಿ ಇಷ್ಟು ಕಾಯುವುದಿಲ್ಲ. ಕೆಲವೇ ತಿಂಗಳಲ್ಲಿ ರೊಟ್ಟಿಯಿಂದ ಅನ್ನಕ್ಕೆ, ಅನ್ನದಿಂದ ಅಂಬಲಿಗೆ ತಂದು ನಿಲ್ಲಿಸುತ್ತದೆ.

ಎಂಡೋಸ್ಕೋಪಿ ಮಾಡಿದೆ. ಹಲ್ಲಿನಿಂದ 30 ಸೆಂ.ಮೀ. ಒಳಗೆ ಗೋಡೆ ಒಂದು ಮಗ್ಗುಲಿಗೆ ಉಬ್ಬಿತ್ತು. ಮೇಲಿನ ಪೊರೆ ನುಣ್ಣಗೆ, ಹುಣ್ಣಿಲ್ಲ. ತುಂಡು ತೆಗೆಯುವ ಇಕ್ಕಳದ (ಫೋರ್ಸೆಪ್ಸ್) ಬಾಯಿ ಮುಚ್ಚಿಕೊಂಡೇ ಒತ್ತಿದೆ. ಪೊರೆ ಗಂಟಿನ ಮೇಲೆ ಜಾರಾಡಿತು, ಗಂಟು ತಗ್ಗಲಿಲ್ಲ. ಕೊಬ್ಬಿನ ಗಂಟಾಗಿದ್ದರೆ ತಲೆದಿಂಬಿನ ಹಾಗೆ ತಗ್ಗಿ ಮತ್ತೆ ಏಳುತ್ತಿತ್ತು. ಇದು ಲಿಯೋಮಯೋಮಾ ಇರಬೇಕು ಅನ್ನಿಸಿತು, ಅಂದರೆ ಸ್ನಾಯುವಿನಲ್ಲೇ ಬೆಳೆಯುವ ಗಡ್ಡೆ. ಅನ್ನನಾಳದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆಗಳಲ್ಲಿ ಹೆಚ್ಚು ಸಿಗುವುದು ಇದೇ. ಹೆಚ್ಚು ಅಂದರೂ ಅಪರೂಪವೇ.

ಪರೀಕ್ಷೆಗೆ ತುಂಡು (ಬಯಾಪ್ಸಿ) ತೆಗೆಯದೆ ಸ್ಕೋಪ್ ಹೊರಗೆಳೆದೆ. ಅವರ ಅಣ್ಣನಿಗೆ ಸಿಟ್ಟು. "ಎಲ್ಲಾರೂ ತುಂಡ ತಗದ ಕಳಸ್ತಾರ, ನೀವ್ಯಾಕ ಕಳಸವಲ್ರಿ?"

"ಗ್ವಾಡಿ ಮ್ಯಾಲಿನ ಸುಣ್ಣಾ ಕೆರದ್ರ ಒಳಗಿನ ಕಲ್ಲು ಸಿಗಂಗಿಲ್ರಿ" ಅಂದೆ. ಪೂರ್ತಿ ಒಪ್ಪಲಿಲ್ಲ.

ಹುಣ್ಣಾದ ಗಡ್ಡೆ ಇದ್ದರೆ ನಾನೂ ಐದಾರು ತುಂಡು ತೆಗೆಯದೆ ಬಿಡುವುದಿಲ್ಲ. ಆದರೆ ಕಲಿಯುವ ದಿನಗಳಲ್ಲಿ ಇಂಥದ್ದೇ ಒಂದು ಉಬ್ಬಿಗೆ ಮೂರು ಸಲ ಫೋರ್ಸೆಪ್ಸ್ ಬಾಯಿ ಹಾಕಿ ತುಂಡು ತೆಗೆದಿದ್ದೆ. ರಿಪೋರ್ಟ್ ಬಂದದ್ದು "ಪೊರೆ ನಾರ್ಮಲ್" ಎಂದು. ಮುಂದೆ ಸರ್ಜನ್ ಗಂಟು ಬಿಡಿಸುವಾಗ ನಾನು ಕಚ್ಚಿದ ಜಾಗದಲ್ಲೇ ಪೊರೆ ಗಂಟಿಗೆ ಅಂಟಿಕೊಂಡಿತ್ತು, ಹರಿಯಿತು. ಹೊಲಿದರು. ಆ ಮನುಷ್ಯ ಎಷ್ಟೋ ದಿನ ಮೂಗಿನ ನಳಿಗೆಯಲ್ಲೇ ಊಟ ಮಾಡಬೇಕಾಯಿತು. ಸರ್ಜನ್ ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು.

ಈ ಸಲ ಮೊದಲು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಅಂದರೆ ಸ್ಕೋಪಿನ ತುದಿಯಿಂದಲೇ ಮಾಡುವ ಸ್ಕ್ಯಾನ್. ಅದರಲ್ಲಿ ಗೋಡೆ ಬಿಳಿ ಕಪ್ಪು ಐದು ಪದರವಾಗಿ ಕಾಣುತ್ತದೆ. ನಾಲ್ಕನೆಯ ಕಪ್ಪು ಪದರದಿಂದ, ಅಂದರೆ ಸ್ನಾಯುವಿನಿಂದಲೇ, ಗಂಟು ಎದ್ದಿತ್ತು: 3.5 ಸೆಂ.ಮೀ., ಒಳಗೆಲ್ಲ ಒಂದೇ ಸಮ, ಅಂಚು ಚೊಕ್ಕ. ತೊಂದರೆ ಕೊಡದಿದ್ದರೆ ಆಗಾಗ ನೋಡುತ್ತ ಬಿಟ್ಟುಬಿಡುತ್ತಿದ್ದೆವು. ಇವರಿಗೆ ಉಣ್ಣಲಿಕ್ಕೇ ಆಗುತ್ತಿರಲಿಲ್ಲ.

ಬಲ ಎದೆಯ ಕಡೆಯಿಂದ ಸಣ್ಣ ತೂತುಗಳಲ್ಲಿ ಕ್ಯಾಮೆರಾ ತೂರಿಸಿ ಆಪರೇಷನ್. ನಾನು ತಲೆಯ ಹತ್ತಿರ ಸ್ಕೋಪ್ ಹಿಡಿದು ನಿಂತಿದ್ದೆ. ಸ್ನಾಯುವನ್ನು ಉದ್ದಕ್ಕೆ ಸೀಳಿ ಗಂಟು ಬಿಡಿಸಿದ ಮೇಲೆ ಸರ್ಜನ್ ಆ ಜಾಗ ಮುಳುಗುವಷ್ಟು ಸಲೈನ್ ಬಿಟ್ಟರು. ನಾನು ಒಳಗಿನಿಂದ ಗಾಳಿ ಊದಿದೆ. ಪಂಚರ್ ಅಂಗಡಿಯವನು ಟ್ಯೂಬು ನೀರಿನಲ್ಲಿ ಮುಳುಗಿಸಿ ನೋಡುವುದಿಲ್ಲವೇ, ಅದೇ ಲೆಕ್ಕ. ಪೊರೆ ಬಲೂನಿನಂತೆ ಉಬ್ಬಿತು. ಒಂದು ಗುಳ್ಳೆಯೂ ಬರಲಿಲ್ಲ. "ಇನ್ನೊಮ್ಮೆ ಊದ್ರಿ" ಅಂದರು. ಊದಿದೆ. ಇಲ್ಲ. ಸ್ನಾಯು ಹೊಲಿದರು.

ರಿಪೋರ್ಟಿನಲ್ಲಿ ಸ್ನಾಯುವಿನ ಗುರುತಾದ ಡೆಸ್ಮಿನ್ ಪಾಸಿಟಿವ್, ಜಿಸ್ಟ್ ಎಂಬ ಇನ್ನೊಂದು ಗಡ್ಡೆಯ ಗುರುತಾದ ಸಿಡಿ117 ನೆಗೆಟಿವ್. ಲಿಯೋಮಯೋಮಾನೇ, ಹೊಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಜಿಸ್ಟ್ ಗಡ್ಡೆ ಅಲ್ಲ. ಅಣ್ಣ ಕಾಗದ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹಂಗಾರ ಕಡೀಗೂ ತುಂಡ ಕಳಿಸಿದ್ರಿ."

"ತುಂಡಲ್ರಿ, ಇಡೀ ಗಂಟ ಕಳಿಸೇವಿ."